ಕೊನೆಯ ಮನೆ

ಪಿಯಾನೊದ ಬಲತುದಿಯ ಕೊನೆಯ ಮನೆಯನ್ನು ಡೆಸ್ಮಂಡ್ ಮತ್ತೊಮ್ಮೆ ಒತ್ತಿದ. ಒಳಗಿನ ಸುತ್ತಿಗೆ ತಂತಿಗೆ ಬಡಿದು ಟಕ್ಕೆಂದಿತು, ಸ್ವರ ಮಾತ್ರ ಕೇಳಿಸಲಿಲ್ಲ.

"ಈ ತಂತಿ ಸತ್ತಿದೆ ಕಣೆ," ಎಂದ, ಗಣಿಯ ಕ್ಯಾಂಟೀನಿನಲ್ಲಿ ಆಲೂಗಡ್ಡೆ ಸುಲಿಯುತ್ತಿದ್ದ ಮೆರೆನಾಗೆ.

"ಅದಿರು ಲಾರಿ ಓಡಿಸೋನ ಕೈಗೆ ಪಿಯಾನೊ ಸಿಕ್ರೆ ಇನ್ನೇನಾಗತ್ತೆ!"

ಡೆಸ್ಮಂಡ್ ನಗಲಿಲ್ಲ. ಪಿಯಾನೊಗಳಿಗೆ ಶ್ರುತಿ ಕೂಡಿಸುವುದೇ ಅವನ ಕಸುಬು, ಆದರೆ ಅದರಿಂದ ಹೊಟ್ಟೆ ತುಂಬುತ್ತಿರಲಿಲ್ಲ. ಎರಡು ವರ್ಷ ಲಾರಿ, ಆಮೇಲೆ ಫ್ರೀಮ್ಯಾಂಟಲ್ ಪಟ್ಟಣದಲ್ಲಿ ಸ್ವಂತ ಪಿಯಾನೊ ಅಂಗಡಿ ಎಂದುಕೊಂಡು ಪಿಲ್ಬಾರಾದ ಈ ಅದಿರು ಗಣಿಗೆ ಬಂದಿದ್ದ. ಲಾರಿಯ ಕಿವಿಗಡಚಿಕ್ಕುವ ಗುಡುಗಿನೊಳಗೇ ಹನ್ನೊಂದು ವರ್ಷ ಕಳೆದವು. ಹೆಂಡತಿ ಕಾದು ಕಾದು ಬಿಟ್ಟುಹೋದಳು. ಈಗ ಅಂಗಡಿ ಗೊತ್ತುಮಾಡಿಯಾಗಿತ್ತು, ನಾಳೆ ಹೊರಡಬೇಕು. ಹೋಗುವ ಮುನ್ನ, ಕ್ಯಾಂಟೀನಿನ ಮೂಲೆಯಲ್ಲಿ ಯಾರೂ ಮುಟ್ಟದ ಈ ಪಿಯಾನೊವನ್ನು ಸರಿಮಾಡೋಣವೆಂದು ಕುಳಿತಿದ್ದ.

ಶ್ರುತಿ ಕೂಡಿಸುವ ಚಾವಿಯನ್ನು ಕೂದಲೆಳೆಯಷ್ಟು ತಿರುಗಿಸಿ ಮನೆ ಒತ್ತಿದ. ಟಕ್. ಇನ್ನಷ್ಟು ತಿರುಗಿಸಿ, ಜೋರಾಗಿ ಒತ್ತಿದ. ಟಕ್. ಮತ್ತೆ ಮತ್ತೆ ಒತ್ತಿದ.

ಮೆರೆನಾ ಚಾಕು ಬಿಸಾಕಿ ಎರಡೂ ಕಿವಿ ಮುಚ್ಚಿಕೊಂಡಳು. "ಸಾಕು ನಿಲ್ಸೋ ಮಾರಾಯ! ಏನದು ಕೀರಲು ಸ್ವರ, ಕಿವೀಲಿ ಸೂಜಿ ಚುಚ್ಚಿದ ಹಾಗಾಗ್ತಿದೆ!"

ಕಿವಿ ಮುಚ್ಚಿಕೊಂಡಿದ್ದ ಅವಳ ಕೈಗಳನ್ನೇ ಡೆಸ್ಮಂಡ್ ನೋಡುತ್ತ ಕುಳಿತ.