ಕುಬಸದ ಹಸಿರು ಸೀರೆ

ಕಡಿದರೂ ತಾನೇ ಕೂಡಿಕೊಳ್ಳುವ ಬಟ್ಟೆ ಬಂದಮೇಲೆ ಹುಬ್ಬಳ್ಳಿಯ ಒಂದು ಅಂಗಡಿಯವರು ಮಾರಾಟವಾಗದೆ ಉಳಿದ ಸೀರೆಗಳನ್ನು ಎರಡು ತುಂಡು ಮಾಡಿಸಿ, ತುಂಡುಗಳನ್ನು ಬೇರೆ ಬೇರೆ ಚೀಲಕ್ಕೆ ತುಂಬಿಸಿ ಸುಡಲು ಕಳಿಸುತ್ತಿದ್ದರು. ಕತ್ತರಿಸುವ ಕೆಲಸ ದ್ಯಾಮವ್ವನದು. ನೆಲ ಒರೆಸಲು ಚಿಂದಿ ಒಯ್ಯಲು ಅವಳಿಗೆ ಅನುಮತಿಯಿತ್ತು. ದಿನವೂ ಚಿಂದಿ ಒಯ್ಯುವವಳ ಮನೆಯ ನೆಲ ಎಷ್ಟು ದೊಡ್ಡದಿದ್ದೀತು ಎಂದು ಕಾವಲುಗಾರ ಗುರುಬಸಯ್ಯನಿಗೆ ಮೊದಲಿನಿಂದಲೂ ಅನುಮಾನ. ಒಂದು ಸಂಜೆ ಗೇಟಿನಲ್ಲಿ ಅವಳನ್ನು ತಡೆದ.

"ಚೀಲದಾಗ ಏನೈತಿ?"

"ಚಿಂದಿ ರೀ ಅಯ್ಯಾರ. ದಿನಾ ನೋಡ್ತೀರಲ್ಲ."

ಅವನು ಕೈ ಹಾಕಿದ. ಎರಡು ಹಸಿರು ತುಂಡುಗಳು ಅವನ ಬೆರಳುಗಳ ನಡುವೆಯೇ ಮೆಲ್ಲಗೆ ಹತ್ತಿಕೊಳ್ಳತೊಡಗಿದವು. ಇಡೀ ಸೀರೆ ಸಿಕ್ಕರೆ ಅವಳಿಗೆ ಜೈಲು.

"ಯಾರಿಗಿದು?"

"ಬಸುರಿ ಮಗಳಿಗ್ರೀ. ನಾಳೆ ಕುಬಸ ಐತಿ, ಹಸಿರು ಸೀರಿ ಉಡಿಸಬೇಕ್ರಿ," ಎಂದಳು.

ಒಳಗಿನಿಂದ ಮ್ಯಾನೇಜರು ಬರುವ ಸದ್ದಾಯಿತು. ಗುರುಬಸಯ್ಯ ತುಂಡುಗಳನ್ನು ಪರ್ರನೆ ಬಿಡಿಸಿ, ಒಂದನ್ನು ತನ್ನ ಬುತ್ತಿಚೀಲಕ್ಕೆ ತುರುಕಿಕೊಂಡ.

"ಅರ್ಧ ನೀ ಒಯ್ಯಿ. ಉಳಿದದ್ದು ನಾಳೆ ನಾ ತರ್ತೀನಿ."

ಮರುದಿನ ಕುಬಸದ ಆರತಿಯ ಹೊತ್ತಿಗೆ ಅವನು ಬುತ್ತಿಚೀಲ ಹಿಡಿದು ಅವಳ ಮನೆಗೆ ಬಂದು ಬಾಗಿಲಲ್ಲಿ ನಿಂತಾಗ, ದ್ಯಾಮವ್ವ ಮೊದಲು ಇಣುಕಿದ್ದು ಅವನ ಬೆನ್ನ ಹಿಂದೆ ಪೊಲೀಸರಿದ್ದಾರೆಯೇ ಎಂದು.