ಕುರಿಗಳ ಜೊತೆ ಒಂದು ಫೋಟೋ

"ಅಪ್ಪಾ, ಒಂದ್ ಕುರಿನೂ ಫೋಟೋದಾಗ ಬರಾಕತ್ತಿಲ್ಲ. ಶಿಳ್ಳಿ ಹಾಕಿ ಕರಿ," ಎಂದಳು ಶೀತಲ, ಮೊಬೈಲು ಎತ್ತಿ ಹಿಡಿದು.

ಅಮೋಘಸಿದ್ದಪ್ಪ ಎರಡು ಬೆರಳನ್ನು ತುಟಿಯವರೆಗೆ ಒಯ್ದು ಹಾಗೇ ಇಳಿಸಿದ. ದೊಡ್ಡಿಯ ಆಚೆ ಮೂಲೆಯಲ್ಲಿ ಕುರಿಗಳು ಅವನಿಗೆ ಬೆನ್ನು ಮಾಡಿ ಮೇವು ತಿನ್ನುತ್ತಿದ್ದವು. ಹೋದ ತಿಂಗಳವರೆಗೂ ಅವು ಅವನವೇ. ಕೆನಡಾಕ್ಕೆ ಓದಲು ಹೊರಟ ಮಗಳ ಖರ್ಚಿಗೆ ಬ್ಯಾಂಕಿನಲ್ಲಿ ಹಣ ತೋರಿಸಬೇಕೆಂದು ಇಡೀ ಹಿಂಡನ್ನು ಮಂಠಾಳದ ಶಂಕರಲಿಂಗನಿಗೆ ಮಾರಿದ್ದ. ಈಗ ಹುಮನಾಬಾದಿನ ವೀಸಾ ಏಜೆಂಟ್, ಇಷ್ಟು ಹಣ ಒಮ್ಮೆಲೇ ಎಲ್ಲಿಂದ ಬಂತೆಂದು ಕೆನಡಾದವರು ಕೇಳುತ್ತಾರೆ, ಮಾರಿದ ರಸೀದಿಯ ಜೊತೆ ಕುರಿಗಳ ನಡುವೆ ನಿಂತ ಫೋಟೋವೂ ಇರಲಿ ಎಂದಿದ್ದ. ಶೀತಲಳ ಮೊಬೈಲಿನ ತುಂಬ ಫೋಟೋಗಳಿದ್ದವು. ಅಪ್ಪ ಕುರಿಗಳ ಜೊತೆಗಿದ್ದದ್ದು ಹುಡುಕಿದರೂ ಒಂದಿರಲಿಲ್ಲ. ಅದಕ್ಕೇ ಶಂಕರಲಿಂಗನನ್ನು ಕೇಳಿಕೊಂಡು ಇಬ್ಬರೂ ಅವನ ದೊಡ್ಡಿಗೆ ಬಂದಿದ್ದರು.

"ಲಗೂನ ತಗೀರಿ, ನೀರಿಗಿ ಬಿಡೋ ಹೊತ್ತಾತು," ಎಂದು ಶಂಕರಲಿಂಗ ಬಾಗಿಲ ಬಳಿಯಿಂದ ಕೂಗಿದ.

"ಇಷ್ಟರಾಗೇ ನಿನ್ನ ಶಿಳ್ಳಿ ಮರತಬಿಟ್ಟಾವೇನು?" ಶೀತಲ ನಕ್ಕಳು. "ಒಂದ್ ಸಲ ಕರದು ನೋಡಪ್ಪಾ."

ಅವನು ಹೆಗಲ ಮೇಲಿನ ಕಂಬಳಿ ಸರಿಮಾಡಿಕೊಂಡ. ಕುರಿಗಳಿಗೆ ಕೇಳಿಸೀತೆಂಬಂತೆ ದನಿ ತಗ್ಗಿಸಿದ.

"ಮರತಿಲ್ಲವ್ವಾ. ಕರದ್ರ ಎಲ್ಲಾ ಓಡಿ ಬರ್ತಾವ. ಮನಿಗಿ ಕರಕೊಂಡು ಹೋಗಾಕ ಬಂದೀನಿ ಅಂತ ತಿಳಕೋತಾವ."