ಹಳದಿ ಬೆರಳು

"ಹೌದು," ಎಂದು ಓಟಿನ ಚೀಟಿ ಬಿಚ್ಚಿ ಅಧಿಕಾರಿ ಮೊದಲ ಬಾರಿ ಓದಿದಾಗ ಲೆಕ್ಕದ ಗೀಟೆಳೆಯುತ್ತಿದ್ದ ಲವೀನಾ ಹಾಳೆಯ ಮೇಲೆ ಇನ್ನಷ್ಟು ಬಗ್ಗಿದಳು. ಆ ಓಟು ಅವಳದೇ. ಎಣ್ಣೆಯಿಂದ ಮಾಡುವ ಅಗ್ಗದ ಬಿಳಿ ಮಾರ್ಗರೀನನ್ನು ಕಾರ್ಖಾನೆಯಲ್ಲೇ ಬೆಣ್ಣೆಯಂತೆ ಹಳದಿ ಮಾಡಿ ಮಾರಬಹುದೇ ಎಂದು ಅಮೆರಿಕದ ಒಹಾಯೊ ರಾಜ್ಯವೆಲ್ಲ ಓಟು ಹಾಕಿತ್ತು. ಈ ಊರಿನವರೋ ಬೆಣ್ಣೆ ಮಾರಿ ಬದುಕುವವರು.

"ಯಾರೇ ಅದು, ಹಸು ಸಾಕೋ ಊರಲ್ಲಿ ಇಂಥ ಕೆಲ್ಸ ಮಾಡಿದ್ದು?" ಗಂಡ ಆರ್ಲೋ ಹಿಂದಿನಿಂದ ಗುರುಗುಟ್ಟಿದ. ಬೆಣ್ಣೆಯನ್ನೆಲ್ಲ ಪೇಟೆಗೆ ಕಳಿಸಿ, ಮಾರ್ಗರೀನಿಗೆ ಕೈಯಾರೆ ಬಣ್ಣ ನಾದಿ ಅವಳು ಬಡಿಸುತ್ತಿದ್ದಳು. ಅವನು ಅದನ್ನೇ ಮನೆಯ ಬೆಣ್ಣೆಯೆಂದು ಚಪ್ಪರಿಸುತ್ತಿದ್ದ. ಉಗುರಿನ ಸಂದಿಯ ಹಳದಿ ಕಾಣದಂತೆ ಅವಳು ಬೆರಳು ಮಡಚಿದಳು.

"ಹೌದು." ಮತ್ತೆ "ಹೌದು." ಮತ್ತೊಂದು. ನಾಲ್ಕು ಗೀಟಾದವು. ಲವೀನಾ ತಲೆಯೆತ್ತಿದಳು. ಕಾಫಿ ಹಂಚುತ್ತಿದ್ದ ಪಕ್ಕದ ಮನೆಯ ವಿಲ್ಮಾ, ವಿಲ್ಮಾಳ ಅತ್ತೆ, ಪಾದ್ರಿಯ ಹೆಂಡತಿ, ಒಬ್ಬೊಬ್ಬರಾಗಿ ಕೈಗಳನ್ನು ಏಪ್ರನ್ನಿನೊಳಗೆ ಅಡಗಿಸುತ್ತಿದ್ದರು.

ಐದನೆಯದೂ "ಹೌದು" ಎಂದಾಗ ಅವಳು ಹಳದಿ ಬೆರಳನ್ನು ಗಂಡನ ಕಣ್ಣಿಗೆ ಬೀಳುವಂತೆಯೇ ಚಾಚಿ, ನಾಲ್ಕು ಗೀಟುಗಳಿಗೂ ಅಡ್ಡಲಾಗಿ ಐದನೆಯ ಗೀಟನ್ನು ಪೆನ್ಸಿಲ್ ಒತ್ತಿ ಎಳೆದಳು.